ಫ್ರೀಜರ್ ಖಾಲಿ ಮಾಡಿದ ವಾರ

೨೦೦೬ರಲ್ಲಿ ನಾನು ಸ್ವೀಡನ್ನಿನ ನಾರ್‌ಶೋಪಿಂಗ್ ಊರಿನ ಒಂದು ಶಾಲೆಯಲ್ಲಿ ಅಡುಗೆಮನೆಯ ಮುಖ್ಯಸ್ಥೆಯಾಗಿದ್ದೆ. ಗಂಡನ ಐಟಿ ಕೆಲಸದ ಹಿಂದೆ ಬಂದವಳು, ದಾವಣಗೆರೆಯ ಹೋಂ ಸೈನ್ಸ್ ಪದವಿಗೆ ಸ್ವೀಡಿಷ್ ಭಾಷೆ ಸೇರಿಸಿಕೊಂಡು, ಆಲೂಗಡ್ಡೆ ಸುಲಿಯುವುದರಿಂದ ಶುರುಮಾಡಿ ಆ ಕುರ್ಚಿಗೆ ಬಂದಿದ್ದೆ. ಕುರ್ಚಿ ಅಂದೆನೇ ಹೊರತು ಕೂರಲು ಪುರುಸೊತ್ತಿರಲಿಲ್ಲ. ಅಲ್ಲಿ ಶಾಲೆಯ ಮಧ್ಯಾಹ್ನದ ಊಟ ಎಲ್ಲ ಮಕ್ಕಳಿಗೂ ಉಚಿತ. ಹಾಗಾಗಿ ಹಸಿವು ಎಂಬ ಮಾತೇ ನಮ್ಮ ಸಭೆಗಳಲ್ಲಿ ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಸ್ಪೋರ್ಟ್‌ಲೋವ್ ಎಂದು ಒಂದು ವಾರ ರಜೆ. ಅದು ಹತ್ತಿರವಾದಾಗ ಊಟದ ಸಾಲಿನಲ್ಲಿ ಮಕ್ಕಳೆಲ್ಲ ತಾವು ಎಲ್ಲಿಗೆ ಸ್ಕೀಯಿಂಗ್ ಹೋಗುತ್ತೇವೆಂದು ಜಂಬ ಕೊಚ್ಚುತ್ತಿದ್ದರು. ಮೂರನೇ ತರಗತಿಯ ಲಿನಾ ಮಾತ್ರ ನನ್ನ ಹತ್ತಿರ ಬಂದು, "ರಜೆಯಲ್ಲಿ ಅಡುಗೆಮನೆ ಒಂದು ದಿನವೂ ತೆಗೆಯಲ್ವಾ?" ಎಂದು ಕೇಳಿದಳು. ಕ್ರಿಸ್‌ಮಸ್ ರಜೆ ಮುಗಿಸಿ ಬಂದಾಗ ಅವಳ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಜಾರುತ್ತಿದ್ದುದು ನನಗೆ ನೆನಪಾಯಿತು.

ಅವಳ ತಾಯಿ ಅನ್ನೆಲಿ ವೃದ್ಧಾಶ್ರಮಗಳಲ್ಲಿ ಗಂಟೆ ಲೆಕ್ಕದ ಕೆಲಸ ಮಾಡುತ್ತಿದ್ದಳು. ಫೋನ್ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಆ ಚಳಿಗಾಲದಲ್ಲಿ ಫೋನ್ ಬರುವುದು ತೀರಾ ಕಡಿಮೆಯಾಗಿತ್ತು. ಮಗಳನ್ನು ಕರೆದೊಯ್ಯಲು ಬಂದಾಗ ಮೆಲ್ಲಗೆ ವಿಚಾರಿಸಿದೆ.

"ನಾವು ಚೆನ್ನಾಗೇ ಇದ್ದೀವಿ," ಎಂದಳು. ಆಮೇಲೆ ದನಿ ಇಳಿಸಿ, "ದಯವಿಟ್ಟು ಯಾರಿಗೂ ಹೇಳಬೇಡಿ. ಸಮಾಜ ಕಲ್ಯಾಣದ ಆಫೀಸಿನವರು ಮನೆಗೆ ಬಂದ್ರೆ, ಮಗುನ ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ಕೆದಕ್ತಾರೆ," ಎಂದಳು.

ಮುಖ್ಯೋಪಾಧ್ಯಾಯಿನಿ ಶೆಶ್ಟಿನ್ ಒಳ್ಳೆಯ ಹೆಂಗಸು, ಆದರೆ ನಿಯಮ ಬಿಟ್ಟು ಅಲ್ಲಾಡುವವರಲ್ಲ. ರಜೆಯಲ್ಲಿ ಅಡುಗೆಮನೆ ತೆರೆಯೋಣ ಎಂದೆ.

"ಹಸಿದ ಮಕ್ಕಳಿದ್ದರೆ ಹೆಸರು ಕೊಡಿ. ಕೊಮ್ಯೂನ್‌ಗೆ ತಿಳಿಸ್ತೀನಿ, ಅವರು ನೋಡ್ಕೋತಾರೆ."

ಕೊಮ್ಯೂನ್ ಎಂದರೆ ನಮ್ಮ ನಗರಸಭೆಯ ಹಾಗೆ. ನಾನು ಹೆಸರು ಕೊಡುವುದಿಲ್ಲ ಎಂದೆ. ಹೆಸರಿಲ್ಲದೆ ಬಜೆಟ್ ಇಲ್ಲ ಎಂದರು. ಸಿಟ್ಟು ನೆತ್ತಿಗೇರಿತು. ಮಗು ಹಸಿದಿದೆ, ಫ್ರೀಜರ್ ತುಂಬಿದೆ, ನಡುವೆ ಒಂದು ಹೆಸರು ಅಡ್ಡ ನಿಂತಿದೆ! ಏನೇ ಆಗಲಿ, ಲಿನಾಳಿಗೆ ಆ ವಾರ ಬಿಸಿ ಊಟ ಸಿಗಲೇಬೇಕು ಎಂದು ಹಟ ಹಿಡಿದೆ.

ಶನಿವಾರ ಕಿಸ್ಟಾ ಎಂಬ ಊರಿನಿಂದ ಗಂಡನ ಸ್ನೇಹಿತ ಪ್ರಕಾಶ್ ಊಟಕ್ಕೆ ಬಂದಿದ್ದರು. ಎರಡನೇ ಸಲ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದು, "ಬೇಡ ಮೇಡಂ, ಸಾಕು," ಎಂದರು. ನಮ್ಮವರು ಬಿಡಬೇಕಲ್ಲ! "ತಗೊಳ್ಳಿ ಸಾರ್, ನೀವು ತಿನ್ನಲಿಲ್ಲಾಂದ್ರೆ ಎಲ್ಲಾ ವೇಸ್ಟ್ ಆಗುತ್ತೆ. ಸ್ವಲ್ಪ ಹೆಲ್ಪ್ ಮಾಡಿ," ಎಂದರು. ಪ್ರಕಾಶ್ ಕೈ ತೆಗೆದರು. ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ.

"ಏನಾಯ್ತೇ?"

"ದಾರಿ ಸಿಕ್ತು ಕಣ್ರೀ!"

ದೊಡ್ಡ ಫ್ರೀಜರಿನ ಮಂಜು ಕರಗಿಸಿ ತೊಳೆಯುವುದು ಬೇಸಿಗೆಯ ಕೆಲಸ. ಸೋಮವಾರ ಶೆಶ್ಟಿನ್ ಬಳಿ ಹೋಗಿ, ಈಗಲೇ ಮಂಜು ಗೋಡೆಗಟ್ಟಿದೆ, ಈ ರಜೆಯಲ್ಲೇ ತೊಳೆಸಿಬಿಡೋಣ ಎಂದೆ. "ಒಳಗಿರೋ ಮೀನು, ಬಟಾಣಿ ಎಲ್ಲ ಕರಗಿದ ಮೇಲೆ ಮತ್ತೆ ಒಳಗಿಡೋ ಹಾಗಿಲ್ಲ. ಬೇಯಿಸಿ ಹಾಕಬೇಕು, ಇಲ್ಲ ಬಿಸಾಡಬೇಕು."

"ಬಿಸಾಡೋದಾ?" ಅವರು ಮುಖ ಕಿವುಚಿದರು. ಆಮೇಲೆ ನನ್ನನ್ನೇ ದಿಟ್ಟಿಸಿ ನಕ್ಕರು. "ಕೊನೆಗೂ ಹೆಸರು ಕೊಡಲಿಲ್ಲ ನೀವು. ಸರಿ, ಬೇಯಿಸಿ."

ಗೇಟಿಗೆ ಒಂದು ಹಾಳೆ ಅಂಟಿಸಿದೆ: ಫ್ರೀಜರ್ ಖಾಲಿ ಮಾಡುತ್ತಿದ್ದೇವೆ, ಊಟ ಹಾಳಾಗದಂತೆ ನೆರವಾಗಿ, ಯಾರು ಬೇಕಾದರೂ ಬನ್ನಿ, ಡಬ್ಬಿಯನ್ನೂ ತನ್ನಿ.

ರಜೆಯ ಮೊದಲ ದಿನ, ಅಂದರೆ ಮುಂದಿನ ಸೋಮವಾರ, ಅಕ್ಕಪಕ್ಕದ ಬೀದಿಯ ನಿವೃತ್ತರು ಬಂದರು. ಕೆಲವರು ಕಾರಿನಲ್ಲೇ ಬಂದರು. ಲಿನಾ ಬರಲಿಲ್ಲ. ಮಂಗಳವಾರ ಜನ ಹೆಚ್ಚಾದರು, ಅವಳು ಆಗಲೂ ಇಲ್ಲ. ಊರಿಗೆಲ್ಲ ಉಣಿಸಿ ಆ ಮಗುವನ್ನೇ ಬಿಟ್ಟೆನೇ ಎಂದು ಅಳು ಬಂತು. ಆದರೂ ಬುಧವಾರ ಮತ್ತೆ ಒಲೆ ಹಚ್ಚಿದೆ.

ಮಧ್ಯಾಹ್ನ ಅನ್ನೆಲಿ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಸಹಾಯ ಬೇಕು ಅಂತ ಓದಿದೆ," ಎಂದಳು.

"ತುಂಬಾ ಬೇಕು. ಬನ್ನಿ."

ಲಿನಾ ತಲೆಯೆತ್ತದೆ ಉಂಡಳು, ಮತ್ತೆ ಹಾಕಿಸಿಕೊಂಡಳು. ಅನ್ನೆಲಿ ಉಂಡವಳೇ ಅಂಗಿಯ ತೋಳು ಮಡಚಿ ಟ್ರೇಗಳನ್ನು ತೊಳೆಯತೊಡಗಿದಳು. ಬೇಡವೆಂದರೂ ಕೇಳಲಿಲ್ಲ. ಗುರುವಾರವೂ, ಶುಕ್ರವಾರವೂ ಇಬ್ಬರೂ ಬಂದರು. ಹೊರಡುವಾಗ ಅವಳು ನನ್ನ ಮುಖ ನೋಡದೆ ಕೇಳಿದಳು: "ಈಸ್ಟರ್ ರಜೆಯಲ್ಲೂ ಹಾಳಾಗೋಂಥದ್ದು ಏನಾದ್ರೂ ಇರುತ್ತಾ?"

"ಇರುತ್ತೆ," ಎಂದೆ. ಏನೆಂದು ನನಗೂ ಗೊತ್ತಿರಲಿಲ್ಲ.

ಹಸಿದವರು ತಾವಾಗಿ ಬಂದು ಕೇಳಲಿ ಎಂದು ಕಾಯುತ್ತ ಕೂತರೆ ಕೆಲವರು ಬರುವುದೇ ಇಲ್ಲ. ಅವರು ತಲೆಯೆತ್ತಿ ಒಳಗೆ ಬರಲು ಒಂದು ಕಾರಣವನ್ನೂ ಅಡುಗೆಯ ಜೊತೆಗೇ ಸಿದ್ಧಮಾಡಿಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ. ನಾನು ನಿವೃತ್ತಳಾಗುವವರೆಗೂ ಪ್ರತಿ ರಜೆಯಲ್ಲೂ ಆ ಅಡುಗೆಮನೆಯಲ್ಲಿ ಏನಾದರೊಂದು ಹಾಳಾಗುವುದರಲ್ಲಿರುತ್ತಿತ್ತು.