ಹಾದಿ ಖುಲ್ಲಾ ಎಂದವನು ನಾನು

ಶಾಂತವ್ವನ ಕಾಲು ಮುರಿಯಲು ಕಾರಣ ನಾನು. ಗಾಡಿ ಓಡಿಸಿದವನು ಬೇರೆ, ಅವನ ಹೆಸರು ಪೊಲೀಸರ ಕಾಗದದಲ್ಲಿದೆ. ನನ್ನ ಹೆಸರೂ ಅದೇ ಕಾಗದದಲ್ಲಿದೆ — ಸಾಕ್ಷಿ ಅಂತ. ಮೂರು ವರ್ಷದಿಂದ ಆ ಮಾತು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ನೆತ್ತಿಗೇರುತ್ತದೆ. ಸಾಕ್ಷಿಯಂತೆ! ಬಾಯಿಗೆ ಬೀಗ ಹಾಕಿಕೊಂಡು ಕೂತವನನ್ನು ಹಾಗೆ ಕರೆಯುತ್ತಾರೇನು?

ಗದಗದಿಂದ ಮುಂಡರಗಿಗೆ ಹೋಗುವ ರಸ್ತೆ ನಮ್ಮೂರನ್ನು ಎರಡು ಹೋಳು ಮಾಡಿದೆ. ಮನೆಗಳೆಲ್ಲ ಈಚೆ, ಶಾಲೆ ಆಚೆ. ಶಾಲೆಯ ಕಡೆಗೇ, ರಸ್ತೆಗೆ ಹತ್ತಿ ನನ್ನ ಪಂಕ್ಚರ್ ಅಂಗಡಿ. ಅಕ್ಷರ ದುಂಡಗಿದೆ ಎಂದು ಊರವರೆಲ್ಲ ಅರ್ಜಿ ಬರೆಸಲು ನನ್ನ ಹತ್ತಿರವೇ ಬರುತ್ತಾರೆ. ಶಾಂತವ್ವ ಆಗ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಮಕ್ಕಳು ದಾಟುವ ಹೊತ್ತಿಗೆ ಗಾಡಿಗಳು ಬರುವ ರಭಸ ನೋಡಿ ಅವಳಿಗೆ ಜೀವ ಹಾರುತ್ತಿತ್ತು. ವೇಗ ಹಿಡಿಯುವ ಕ್ಯಾಮೆರಾ ಬೇಕೆಂದು ಮನೆಮನೆ ತಿರುಗಿ ಸಹಿ ಕೂಡಿಸಿದಳು. ಅರ್ಜಿ ಬರೆದವನು ನಾನು. ಚೆನ್ನಾಗಿಯೇ ಬರೆದಿದ್ದೆ — ಅದೇ ಈಗ ಹೆಚ್ಚು ಉರಿಸುತ್ತದೆ.

ಅರ್ಜಿ ಕೆಲಸ ಮಾಡಿತು. ಒಂದು ಸೋಮವಾರ ಕ್ಯಾಮೆರಾ ಇಟ್ಟುಕೊಂಡ ಪೊಲೀಸ್ ಜೀಪು ಬಂದು ಶಾಲೆಯ ಮಗ್ಗುಲಿನ ಬೇವಿನ ಗಿಡದ ಕೆಳಗೆ ನಿಂತಿತು. ಶಾಂತವ್ವ ಅಂಗಡಿಗೆ ಬಂದಳು.

"ನಿಮ್ಮ ಕೈಗುಣ ಛಲೋ ಐತ್ರಿ, ಬಸಣ್ಣಾರ" ಅಂದು, ನಕ್ಕು, ಒಲೆ ಹಚ್ಚಲು ಹೊತ್ತಾಯಿತೆಂದು ಓಡಿದಳು.

ಅವಳು ಬೆನ್ನು ತಿರುಗಿಸಿದ ಮೇಲೆ ನಾನು ಫೋನು ತೆಗೆದೆ.

ಈ ರಸ್ತೆಯ ಡ್ರೈವರುಗಳದೊಂದು ವಾಟ್ಸಾಪ್ ಗುಂಪಿತ್ತು. ಟ್ರ್ಯಾಕ್ಸ್ ಜೀಪಿನವರು, ಟಂಟಂ ಆಟೋದವರು, ಉಳ್ಳಾಗಡ್ಡಿ ಹೇರುವ ಮಿನಿ ಲಾರಿಯವರು — ಎಲ್ಲ ನನ್ನ ಗಿರಾಕಿಗಳೇ. ಗುಂಪಿನ ರೂಢಿ ಏನೆಂದರೆ, ಕ್ಯಾಮೆರಾ ಮೊದಲು ಕಂಡವನು ಹೇಳಬೇಕು, ಅದು ಹೋದ ಮೇಲೆ ಹೋಯಿತೆಂದೂ ಅವನೇ ಹೇಳಬೇಕು. ಬೆಳಿಗ್ಗೆ ನಾನು ಹಾಕುತ್ತಿದ್ದೆ: "ಗಿಡದ ಕೆಳಗ ಕ್ಯಾಮೆರಾ ಐತಿ. ಸಾವಕಾಶ." ಸಂಜೆಗೆ: "ಹೋತು. ಹಾದಿ ಖುಲ್ಲಾ."

ಯಾಕೆ ಮಾಡಿದೆ? ಗಿರಾಕಿ ಕೈಬಿಟ್ಟಾರೆಂಬ ಭಯ... ಅದೂ ಪೂರಾ ಖರೆಯಲ್ಲ. ಅದರಲ್ಲೊಂದು ದೊಡ್ಡಸ್ತಿಕೆ ಇತ್ತು. ಲಕ್ಷ್ಮೇಶ್ವರದವನು, ಲಕ್ಕುಂಡಿಯವನು ಗಾಡಿ ನಿಲ್ಲಿಸಿ, "ಕಾಕಾ ಇದ್ದರ ನಮಗ ಚಿಂತಿಲ್ಲ ಬಿಡ್ರಿ" ಎಂದರೆ ಎದೆ ಉಬ್ಬುತ್ತಿತ್ತು. ಟೈರಿಗೆ ತೇಪೆ ಹಚ್ಚುವವನಿಗೆ ಅಷ್ಟು ಮರ್ಯಾದೆ ಬೇರೆ ಎಲ್ಲಿ ಸಿಗುತ್ತದೆ? ಮೇಲೆ ನನಗೆ ನಾನೇ ಒಂದು ವಾದ ಹೂಡಿಕೊಂಡಿದ್ದೆ: ಕ್ಯಾಮೆರಾ ಬಂದದ್ದು ಗಾಡಿ ನಿಧಾನವಾಗಲಿ ಎಂದು, ನಾನು ಹೇಳಿದರೂ ನಿಧಾನವೇ ಆಗುತ್ತದೆ, ಬಡವರ ದಂಡವೂ ಉಳಿಯುತ್ತದೆ, ಇದರಲ್ಲಿ ತಪ್ಪೇನು? ಎಂಥ ಶಾಣ್ಯಾತನ! ಅರ್ಜಿ ಬರೆದ ಕೈಯಿಂದಲೇ ಅದನ್ನು ಅಳಿಸುತ್ತಿದ್ದೇನೆ ಎಂಬುದು ಈ ಶಾಣ್ಯಾನಿಗೆ ಹೊಳೆಯಲಿಲ್ಲ.

ಎರಡನೇ ವಾರ ಜೀಪಿನ ಪೊಲೀಸನೊಬ್ಬ ಗಾಳಿ ಹಾಕಿಸಲು ಅಂಗಡಿಗೆ ಬಂದ. ಬಿಸಿಲಿಗೆ ಬೇಸತ್ತಿದ್ದ.

"ಯಾಕ್ರಿ ಯಜಮಾನ್ರ, ಇಷ್ಟ ದಿನ ಕುಂತೇವಿ, ಒಂದ ಗಾಡಿನೂ ಜೋರ ಬರವಲ್ದು. ಸುಮ್ಮಸುಮ್ಮನ ಅರ್ಜಿ ಯಾಕ ಕೊಟ್ಟೀರಿ? ನಾಳಿಂದ ನಾವ್ ಬರೂದಿಲ್ಲ."

ಆಗ ಹೇಳಬಹುದಿತ್ತು. ಸಾಹೇಬರೇ, ಜೋರು ಬರುವವರೇ ಎಲ್ಲರೂ, ನಾನು ಹೇಳುತ್ತೇನೆಂದು ನಿಮ್ಮ ಮುಂದೆ ಬ್ರೇಕು ಒತ್ತುತ್ತಾರೆ — ಇಷ್ಟೇ ಮಾತು. ಅಂದಿದ್ದರೆ ಎರಡು ಬೈಗುಳ ತಿನ್ನುತ್ತಿದ್ದೆ, ಅಷ್ಟೇ. ನಾನು ಚಹಾ ತರಿಸಿಕೊಟ್ಟೆ. ಅವನು ಅತ್ತ ಹೋದ ಮೇಲೆ ಗುಂಪಿಗೆ ಹಾಕಿದೆ: "ನಾಳಿಂದ ಕ್ಯಾಮೆರಾ ಬರೂದಿಲ್ಲ. ಹಾದಿ ಖುಲ್ಲಾ." ಹೆಬ್ಬೆರಳುಗಳ ಸಾಲೇ ಬಂತು. ಎಣಿಸಿ ಖುಷಿಪಟ್ಟೆ, ಹೇಸಿ ಜನ್ಮ.

ಕ್ಯಾಮೆರಾ ಹೋದ ಒಂಬತ್ತನೇ ದಿನ ಬೆಳಿಗ್ಗೆ ಶಾಂತವ್ವ ಕಾಯಿಪಲ್ಯದ ಬುಟ್ಟಿ ಹಿಡಿದು ರಸ್ತೆ ದಾಟುತ್ತಿದ್ದಳು. ಎರಡೂ ಕಡೆ ನೋಡಿಯೇ ಹೆಜ್ಜೆ ಇಟ್ಟಳು, ನಾನು ಕಣ್ಣಾರೆ ಕಂಡಿದ್ದೇನೆ. ತಿರುವಿನಿಂದ ಉಳ್ಳಾಗಡ್ಡಿ ಹೇರಿದ ಮಿನಿ ಲಾರಿ ಬಂದ ವೇಗಕ್ಕೆ ಅವಳು ನೋಡಿದ್ದೂ ಒಂದೇ, ನೋಡದೇ ಇದ್ದದ್ದೂ ಒಂದೇ. ನಾನು ಓಡಿಹೋಗುವಷ್ಟರಲ್ಲಿ ಮೆಣಸಿನಕಾಯಿ, ಬದನೆಕಾಯಿ ರಸ್ತೆ ತುಂಬ ಚೆಲ್ಲಿದ್ದವು. ಡ್ರೈವರ್ ಶಿರಹಟ್ಟಿ ಕಡೆಯವನು, ಗುಂಪಿನವನೇ. ಅವಳನ್ನು ಎತ್ತಲು ನನ್ನ ಜೊತೆ ಬಗ್ಗಿದ. ನನ್ನ ಕಿವಿಯ ಹತ್ತಿರ ಅಂದ:

"ಕ್ಯಾಮೆರಾ ಇಲ್ಲಂತ ನೀವ ಹೇಳಿದ್ರಲ್ಲರಿ ಕಾಕಾ."

ಬೇರೆ ಯಾರಿಗೂ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದು ನಾನು ನಿರಾಳವಾಗಿ ಉಸಿರು ಬಿಟ್ಟೆ — ಅವಳು ನೆಲದ ಮೇಲೆ ನರಳುತ್ತಿದ್ದಳು, ನಾನು ಉಸಿರು ಬಿಟ್ಟೆ.

ಪಂಚನಾಮೆಯ ದಿನ ಗಾಡಿ ಎಷ್ಟು ಜೋರಿತ್ತೆಂದು ಕೇಳಿದರು. "ನಾ ಟೈರ್ ನೋಡಾಕತ್ತಿದ್ನಿರಿ, ಕಾಣಲಿಲ್ಲ" ಅಂದೆ. ಜೋರಿತ್ತು ಎಂದರೆ ಆ ಡ್ರೈವರ್ ನನ್ನ ಹೆಸರು ಹೇಳುತ್ತಾನೆ, ಫೋನು ಹೊರಗೆ ಬರುತ್ತದೆ. ಈ ರಸ್ತೆಯಲ್ಲಿ ಯಾರೂ ಜೋರು ಓಡಿಸುವುದಿಲ್ಲವೆಂದು ಪೊಲೀಸರ ಹತ್ತಿರ ಮೊದಲೇ ಬರೆದಿಟ್ಟದ್ದಿತ್ತು. ಕೊನೆಗೆ ಉಳಿದದ್ದು ಒಂದೇ ಮಾತು — ಹೆಂಗಸು ನೋಡದೆ ದಾಟಿದಳು.

ಕಾಲಿಗೆ ರಾಡು ಹಾಕಿದರು. ಈಗ ಅವಳಿಗೆ ನೆಲಕ್ಕೆ ಕೂರಲಾಗದು, ರೊಟ್ಟಿ ಬಡಿಯಲಾಗದು. ಶಾಲೆಯ ಅಡುಗೆ ಬೇರೆಯವಳ ಪಾಲಾಯಿತು. ಊರೆಲ್ಲ ಅವಳನ್ನೇ ಅಂದಿತು, ಕಡೆಗೆ ಅವಳೂ ನಂಬಿದಳು. ಒಮ್ಮೆ ನನ್ನ ಅಂಗಡಿಯ ಮುಂದೆಯೇ ನಿಂತು, "ನಾನ ನೋಡದ ದಾಟಿರಬೇಕ್ ಬಿಡ್ರಿ, ಯಾರಿಗ್ಯಾಕ ಬೈಯೂದು" ಅಂದಳು. ನಾನು "ಹೂಂ" ಅಂದೆ. ಹೂಂ ಅಂದೆನಲ್ಲ...

ಗುಂಪು ಬಿಟ್ಟೆ. ಅದರಿಂದೇನಾಯಿತು? ಇವತ್ತಿಗೂ ದಿನಕ್ಕೆ ನಾಲ್ಕು ಫೋನು. "ಕಾಕಾ, ಗಿಡದ ಕೆಳಗ ಏನರ ಐತೇನ್ರಿ?" ಗೊತ್ತಿಲ್ಲ ಅನ್ನುತ್ತೇನೆ, ಫೋನು ಇಡುತ್ತೇನೆ, ಮತ್ತೆ ರಿಂಗಾಗುತ್ತದೆ. ತಲೆ ಚಿಟ್ಟು ಹಿಡಿದಿದೆ.

ಮೊನ್ನೆ ಶಾಂತವ್ವ ಕೋಲೂರಿಕೊಂಡು ಬಂದಳು. ಮತ್ತೆ ಕ್ಯಾಮೆರಾ ಕೇಳಲು ತಾನೊಬ್ಬಳೇ ಗದಗದ ಪೊಲೀಸ್ ಕಚೇರಿಗೆ ಹೋಗಿದ್ದಳಂತೆ. ಅವಳ ಮುಖ ಕೆಂಪಗಾಗಿತ್ತು.

"ಹೋದ ಸಲ ಸುಳ್ಳ ಅರ್ಜಿ ಕೊಟ್ಟೀರಿ ಅಂದ್ರು. ಇಲ್ಲೆ ಯಾರೂ ಜೋರ ಓಡಿಸೂದಿಲ್ಲಂತ. ನನ್ನ ಕಾಲು ಸುಳ್ಳೇನ್ರಿ, ಬಸಣ್ಣಾರ? ಇನ್ನೊಮ್ಮಿ ಬರೀರಿ. ನಿಮ್ಮ ಕೈಗುಣ ಛಲೋ ಐತಿ."

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಬರೆದೆ. ಹೋದ ಸಲದ ಅರ್ಜಿ ಸುಳ್ಳಲ್ಲ, ಕ್ಯಾಮೆರಾ ಇದ್ದ ದಿನಗಳಲ್ಲಿ ಡ್ರೈವರುಗಳಿಗೆ ಫೋನಿನಲ್ಲಿ ಮುಂಚಿತವಾಗಿ ತಿಳಿಸಿದವನು ಈ ಕೆಳಗೆ ಸಹಿ ಮಾಡಿದ ನಾನೇ, ಈ ಹೆಂಗಸು ನೋಡಿಯೇ ದಾಟಿದ್ದಳು, ಗಾಡಿಯ ವೇಗ ಕಂಡೂ ನಾನು ಸುಳ್ಳು ಹೇಳಿದೆ. ಬರೆದು ಅವಳಿಗೆ ಓದಿ ಹೇಳಿದೆ.

"ನೋಡಿ ದಾಟಿದ್ಲು ಅನ್ನೂದನ್ನ ಇನ್ನೊಮ್ಮಿ ಓದ್ರಿ" ಅಂದಳು.

ಓದಿದೆ.

"ನಾ ನೋಡಿದ್ದು ಖರೇನ?"

"ಖರೆ ಶಾಂತವ್ವಾ. ಎರಡೂ ಕಡೆ ನೋಡಿದ್ದಿ."

ಅವಳು ಒಮ್ಮೆ ತನ್ನ ಕಾಲನ್ನು ನೋಡಿಕೊಂಡಳು. ಪೆನ್ನು ಕೇಳಿ, ಒಂದೊಂದೇ ಅಕ್ಷರ ತಿದ್ದಿದ ಹಾಗೆ ತನ್ನ ಹೆಸರು ಬರೆದಳು. ನಾಳೆ ನಾನೇ ಗದಗಕ್ಕೆ ಹೋಗಿ ಕೊಟ್ಟು ಬರುತ್ತೇನೆಂದು ಕೈ ಚಾಚಿದೆ. ಅವಳು ಕಾಗದವನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು.

"ಬ್ಯಾಡ್ರಿ. ಇದನ್ನ ನಿಮ್ಮ ಕೈಯಾಗ ಕೊಡೂದಿಲ್ಲ."

ಎದ್ದು ರಸ್ತೆಯ ಅಂಚಿಗೆ ಹೋಗಿ ನಿಂತಳು. ದಾಟಿಸಲೆಂದು ನಾನು ಹಿಂದೆ ಹೋದೆ, ಬೇಡವೆಂದು ಕೋಲು ಎತ್ತಿದಳು. ಒಂದರ ಹಿಂದೊಂದು ಗಾಡಿಗಳು ಬಂದವು, ಬಹಳಷ್ಟು ನನ್ನ ಗಿರಾಕಿಗಳವೇ. ಒಂದೂ ನಿಧಾನ ಮಾಡಲಿಲ್ಲ. ಅವಳು ಈ ಕಡೆ ನೋಡಿದಳು, ಆ ಕಡೆ ನೋಡಿದಳು, ಮತ್ತೆ ಈ ಕಡೆ ನೋಡುತ್ತ ಅಲ್ಲೇ ನಿಂತಿದ್ದಳು.