ಏಳನೇ ಹಾಸಿಗೆಯ ರಕ್ತದ ಗುಂಪು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕೆಟ್ಟದ್ದು ಶುರುವಾದ ಹೊತ್ತು ಅದು. ಇವತ್ತು ಮನೆಯ ಕಂಪ್ಯೂಟರು ‘ಹೊಸ ಆವೃತ್ತಿ ಸಿದ್ಧವಿದೆ’ ಎಂದು ಮೂಲೆಯಲ್ಲಿ ತೋರಿಸಿದಾಗ ನನ್ನ ಕಣ್ಣು ಮೊದಲು ಹೋದದ್ದು ಗಡಿಯಾರದ ಕಡೆಗೆ. ಯಾಕೆಂದು ನಿಮಗೆ ಹೇಳಬೇಕು.

ಆಗ ನಾನು ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಗುಡ್ಡದ ಮೇಲಿನ ಪುಟ್ಟ ಕಂಪನಿಯಲ್ಲಿದ್ದೆ. ಕಿಟಕಿಯಿಂದ ಕಡಲು ಕಾಣುತ್ತಿತ್ತು. ಮನೆಗೆ ಫೋನು ಮಾಡಿದರೆ ಕೆಲಸಕ್ಕಿಂತ ಅದರ ವರ್ಣನೆಯೇ ಜಾಸ್ತಿ. ವಿಜಯವಾಡದ ಒಂದು ನರ್ಸಿಂಗ್ ಹೋಮಿನಲ್ಲಿ ರೋಗಿಗಳ ವಿವರವೆಲ್ಲ ಇಟ್ಟಿದ್ದ ನಮ್ಮ ಲಿನಕ್ಸ್ ಸರ್ವರಿತ್ತು. ಅದನ್ನು ಹೊಸ ಆವೃತ್ತಿಗೆ ಏರಿಸಲು ನನ್ನನ್ನು ಕಳಿಸಿದರು. ಏರಿಸಿ, ಹತ್ತು ಇಪ್ಪತ್ತಕ್ಕೆ ಮತ್ತೆ ಚಾಲೂ ಮಾಡಿದರೆ ನೆಟ್‌ವರ್ಕ್ ಇಲ್ಲ. ವಾರ್ಡಿನ ಪರದೆಗಳೆಲ್ಲ ಖಾಲಿ.

ಹಿರಿಯ ಸಹೋದ್ಯೋಗಿ, ಬಾಗಲಕೋಟೆಯ ಗುರುರಾಜನಿಗೆ ಫೋನು ಮಾಡಿದೆ. “ಗಾಬರಿ ಆಗಬ್ಯಾಡೋ ತಮ್ಮಾ. ಸರ್ವರಿನಾಗ ಎರಡು ನೆಟ್‌ವರ್ಕ್ ಕಾರ್ಡ್ ಅದಾವ, ಅವುಗಳ ಹೆಸರು ಅದಲು ಬದಲಾಗಿರ್ತಾವ. ಸಾವಕಾಶ ನೋಡು” ಎಂದ.

ಸಾವಕಾಶ ನನ್ನ ಜಾಯಮಾನವಲ್ಲ. ಸುತ್ತ ಜನ ನಿಂತಿದ್ದರು. ವಾರದ ಹಿಂದೆ ನಕಲು ತೆಗೆದಿಟ್ಟಿದ್ದ ಡಿಸ್ಕನ್ನು ಸಿಕ್ಕಿಸಿ ಅದರಿಂದಲೇ ಸರ್ವರ್ ಚಾಲೂ ಮಾಡಿದೆ. ಪರದೆಗಳು ಬೆಳಗಿದವು. ಮ್ಯಾನೇಜರು ಟೀ ತರಿಸಿದರು. ಅವು ತೋರಿಸುತ್ತಿರುವುದು ಹೋದ ವಾರದ ರೋಗಿಗಳನ್ನು ಎಂಬುದು ನನಗೆ ಹೊಳೆಯಲಿಲ್ಲ. ಆ ಪರದೆಯಲ್ಲಿ ಹೆಸರುಗಳಿರಲಿಲ್ಲ. ಹಾಸಿಗೆಯ ಸಂಖ್ಯೆ, ರಕ್ತದ ಗುಂಪು, ಅಷ್ಟೆ. ಚೊಕ್ಕವಾಗಿ ಕಾಣಲೆಂದು ನಾವೇ ಹಾಗೆ ಮಾಡಿಕೊಟ್ಟಿದ್ದೆವು.

ಏಳನೇ ಹಾಸಿಗೆಯ ಬಾಣಂತಿಗೆ ರಕ್ತಸ್ರಾವ ನಿಂತಿರಲಿಲ್ಲ. ನರ್ಸ್ ಸುಗುಣಮ್ಮ ಪರದೆ ನೋಡಿ ‘ಬಿ’ ಎಂದು ಚೀಟಿ ಬರೆದರು. ತುರ್ತೆಂದು ಯಾರೂ ತಾಳೆ ನೋಡಲಿಲ್ಲ. ಚೀಲ ಸ್ಟ್ಯಾಂಡಿಗೇರಿತು. ನಾನು ಬಾಗಿಲಲ್ಲಿದ್ದೆ. ಗಂಡ ಚೀಲದ ಮೇಲಿನ ಅಕ್ಷರ ನೋಡಿ, “ಮಾ ಆವಿಡದಿ ಓ ಗ್ರೂಪ್ ಕದಮ್ಮಾ?” ಎಂದ. ನಮ್ಮಾಕೆಯದು ಓ ಅಲ್ಲವೇನಮ್ಮಾ ಎಂದು ಇಷ್ಟೇ ಮೆಲ್ಲಗೆ, ಕ್ಷಮೆ ಕೇಳುವವನಂತೆ. ನಳಿಕೆ ತೆರೆಯಹೊರಟಿದ್ದ ಸುಗುಣಮ್ಮನ ಕೈ ನಿಂತಿತು.

ನಾನು ಓಡಿದೆ. ಡಿಸ್ಕು ಕಿತ್ತೆ. ಗುರುರಾಜ ಹೇಳಿದ್ದೇ ನಿಜ. ಕಾರ್ಡುಗಳ ಹೆಸರು ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಹಾಗಾಗಿ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಬಂದು ನೋಡುವಾಗ ಪರದೆಯಲ್ಲಿ ‘ಓ’ ಇತ್ತು.

“ಬೀ ಅನೇ ಉಂದಿ ಮೇಡಂ, ನೇನು ಚೂಶಾನು,” ಬಿ ಅಂತಲೇ ಇತ್ತು, ನಾನೇ ನೋಡಿದೆ ಎಂದರು ಸುಗುಣಮ್ಮ.

“ಮೊದಲು ಕನ್ನಡಕ ಹಾಕಿಸಿಕೊ” ಎಂದರು ಮೇಟ್ರನ್, ತೆಲುಗಿನಲ್ಲೇ, ಎಲ್ಲರೆದುರು.

ಸುಗುಣಮ್ಮನ ಮಾತಿಗೆ ಸಾಕ್ಷಿ ನಾನೊಬ್ಬನೇ. ಸುಮ್ಮನೆ ನಿಂತಿದ್ದೆ. ಓ ರಕ್ತ ತರಿಸಿ ಬಾಣಂತಿಯನ್ನು ಉಳಿಸಿಕೊಂಡರು. ಸುಗುಣಮ್ಮನನ್ನು ವಾರ್ಡಿನಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದರು.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಕಣ್ಣು ಮುಚ್ಚಿದರೆ ಆ ನಳಿಕೆ, ಅದರಲ್ಲಿ ಇಳಿಯಬೇಕಿದ್ದ ಮೊದಲ ಹನಿ. ಹನ್ನೆರಡು ದಿನ ಹೀಗಾಯಿತು. ಕೊನೆಗೆ ಗುರುರಾಜನ ಹತ್ತಿರ ಹೇಳಿಕೊಂಡೆ. “ಕೆಲಸ ಹೋದ್ರ ಇನ್ನೊಂದು ಸಿಗ್ತದ, ಹೋಗಿ ಹೇಳಿ ಬಾ” ಎಂದು ಗುರುರಾಜನೇ ರೈಲು ಹತ್ತಿಸಿದ.

ಮೇಟ್ರನ್ನರ ಮುಂದೆ, ಸುಗುಣಮ್ಮನನ್ನೂ ಕರೆಸಿ, ಎಲ್ಲ ಹೇಳಿದೆ. ಸುಗುಣಮ್ಮ ಮಡಚುತ್ತಿದ್ದ ಹೊದಿಕೆಯನ್ನು ಹಿಡಿದುಕೊಂಡೇ ಬಂದಿದ್ದರು.

“ಇಪ್ಪುಡಾ ಬಾಬೂ ಚೆಪ್ಪೇದಿ?”

ಹೇಳುವುದು ಈಗಲಾ? ಎಂದರು ಸುಗುಣಮ್ಮ; ನನ್ನ ಮುಖ ನೋಡದೆ ತಮ್ಮ ಹಳೆಯ ವಾರ್ಡಿನ ಕಡೆ ನಡೆದರು. ಆ ರಾತ್ರಿ ವಿಜಯವಾಡದ ಲಾಡ್ಜಿನಲ್ಲಿ ಬೆಳಗಾಗುವ ತನಕ ಒಮ್ಮೆಯೂ ಎಚ್ಚರವಾಗದೆ ಮಲಗಿದೆ. ಎದ್ದಾಗ, ಅಷ್ಟು ಚೆನ್ನಾಗಿ ನಿದ್ದೆ ಬಂದದ್ದಕ್ಕೆ ನಾಚಿಕೆಯಾಯಿತು.