ಬೆಂಕಿಯ ಮುಂದಿನ ಕುರ್ಚಿ

ಮೊನ್ನೆ ಚಳಿ ಶುರುವಾಯಿತೆಂದು ರಜಾಯಿ ತೆಗೆಯಲು ಟ್ರಂಕಿನ ಮುಚ್ಚಳ ಎತ್ತಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದೆಹಲಿಯ ಪೀತಮ್‌ಪುರದ ನನ್ನ ಮನೆಯಲ್ಲಿರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ವಸಂತ್ ಕುಂಜ್‌ನ ಒಂದು ನೆಲಮಹಡಿಯ ಫ್ಲ್ಯಾಟಿನಲ್ಲಿ, ಭಾನುವಾರದ ಮಧ್ಯಾಹ್ನ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಎದುರಿಗೆ ದೊಡ್ಡಪ್ಪ ಕಡಲೆಕಾಯಿ ಸುಲಿಯುತ್ತಿದ್ದರು...

ದೊಡ್ಡಪ್ಪ ಎಂದರೆ ನನ್ನ ಸ್ವಂತ ದೊಡ್ಡಪ್ಪ ಅಲ್ಲ. ಮನೆಯ ಮಾಲೀಕರು, ಕನ್ನಡದವರೇ. ಗುರ್‌ಗಾಂವ್‌ನಲ್ಲಿ ನನಗೆ ಕೆಲಸ ಸಿಕ್ಕಿದ ಹೊಸತು, ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಅವರ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದೆ. ಮೊದಲ ದಿನವೇ ನಾನು ಅಂಕಲ್ ಎಂದದ್ದಕ್ಕೆ ಮುಖ ಸಿಂಡರಿಸಿ, "ತರಕಾರಿ ಮಾರೋ ಭಯ್ಯಾನೂ ಅಂಕಲ್ ಅಂತಾನೆ, ನೀನೂ ಅದೇ ಅಂದ್ರೆ ಹೇಗಮ್ಮ? ದೊಡ್ಡಪ್ಪ ಅನ್ನು" ಎಂದರು. ಹಾಗೆ ಅವರ ಹೆಂಡತಿ ತಾವಾಗಿಯೇ ದೊಡ್ಡಮ್ಮ ಆದರು.

ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹುಟ್ಟುಗುಣವೂ ಅದೇ ಅನ್ನಿ. ಮದುವೆ ಕರೆಯೋಲೆ ಕೈಗೆ ಬಂದರೆ ಮೊದಲು ಅಚ್ಚಿನ ತಪ್ಪು ಹುಡುಕುವವಳು ನಾನು. ತಪ್ಪು ಸಿಕ್ಕಿದರೆ ಲಾಟರಿ ಹೊಡೆದಷ್ಟು ಖುಷಿ.

ಆ ಮನೆಗೆ ಯಾರೇ ಬರಲಿ, ದೊಡ್ಡಮ್ಮನ ಬಾಯಲ್ಲಿ ಒಂದು ಕಥೆ ಬಂದೇ ಬರುತ್ತಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ದೊಡ್ಡಪ್ಪ ಯಂತ್ರಗಳ ಕೆಲಸ ಕಲಿಯಲೆಂದು ಹದಿನಾಲ್ಕು ತಿಂಗಳು ಇಂಗ್ಲೆಂಡಿನಲ್ಲಿದ್ದರಂತೆ. ದಾವಣಗೆರೆಯಲ್ಲಿ ಅತ್ತೆ ಮನೆಯಲ್ಲಿದ್ದ ದೊಡ್ಡಮ್ಮ ಆಗಿನ್ನೂ ಟೀವಿ ಎಂಬುದನ್ನು ಕಂಡವರಲ್ಲ. ಅದಕ್ಕೆ ದೊಡ್ಡಪ್ಪ ಒಂದು ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಟೀವಿಯಲ್ಲಿ ಏನೇನು ಬಂತೋ ಅಷ್ಟನ್ನೂ ಬರೆದು ಕಳಿಸಿದ್ದರು. ವಿಮಾನದ ಅಂಚೆಯ ನೀಲಿ ಏರೋಗ್ರಾಮುಗಳು, ಒಟ್ಟು ಹನ್ನೊಂದು.

"ಇಲ್ಲಿ ಮಗೂಗೆ ನಾಯಿಕೆಮ್ಮು, ನಾನು ಮೂರು ರಾತ್ರಿ ಕಣ್ಣು ಮುಚ್ಚಿಲ್ಲ. ಆಗ ಬಂತು ನೋಡು ಇವರ ಕಾಗದ. ಬೆಂಕಿ ಮುಂದೆ ಕಾಲು ಚಾಚಿಕೊಂಡು ಟೀವಿ ನೋಡ್ತಿದೀನಿ ಅಂತ. ಮೈಯೆಲ್ಲ ಉರಿದುಹೋಯ್ತು. ಎರಡು ತಿಂಗಳು ನಾನು ಕಾಗದಾನೇ ಹಾಕಲಿಲ್ಲ," ಎಂದು ದೊಡ್ಡಮ್ಮ ಹೇಳುತ್ತಿದ್ದರು. ಕೊನೆಗೆ, "ಜನ ಓದೋಕೆ ಇಂಗ್ಲೆಂಡಿಗೆ ಹೋಗ್ತಾರೆ. ನಮ್ಮನೆಯವರು ಟೀವಿ ನೋಡೋಕೆ ಹೋಗಿದ್ರು" ಎಂದು ಮುಗಿಸುತ್ತಿದ್ದರು. ಬಂದವರು ನಗುತ್ತಿದ್ದರು. ದೊಡ್ಡಪ್ಪ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

ಆ ಕಾಗದಗಳು ಮಡಿಕೆಯಲ್ಲಿ ಹರಿಯತೊಡಗಿದ್ದವು. ಒಂದು ಚಳಿಗಾಲ ದೊಡ್ಡಮ್ಮ ಉಣ್ಣೆಬಟ್ಟೆಯ ಟ್ರಂಕಿನಿಂದ ಅವುಗಳ ಚೀಲ ತೆಗೆದಾಗ, ಟೈಪ್ ಮಾಡಿಕೊಡುತ್ತೇನೆಂದು ನಾನೇ ಮುಂದೆ ಬಿದ್ದು ಹೇಳಿದೆ. ದೊಡ್ಡಪ್ಪನ ಅಕ್ಷರವೋ, ದೇವರಿಗೇ ಪ್ರೀತಿ. ದೊಡ್ಡಮ್ಮ ಓದುವುದು, ನಾನು ಟೈಪ್ ಮಾಡುವುದು ಎಂದಾಯಿತು. ಭಾನುವಾರ ಊಟವಾದ ಮೇಲೆ ಹೀಟರ್ ಹಚ್ಚಿ ಮೂವರೂ ಕೂರುತ್ತಿದ್ದೆವು. ನಾನು ಬಾಗಿಲ ಬಳಿ ಮೋಡಾ ಎನ್ನುವ ಬೆತ್ತದ ಸ್ಟೂಲು ಎಳೆದುಕೊಂಡರೆ ದೊಡ್ಡಪ್ಪ ಬಿಡುತ್ತಿರಲಿಲ್ಲ, ಎಬ್ಬಿಸಿ ಹೀಟರಿನ ಪಕ್ಕದ ಸೋಫಾದಲ್ಲಿ ಕೂರಿಸುತ್ತಿದ್ದರು.

ಎಂಥ ದಿನ ಅದು... ಬೆಳಿಗ್ಗೆ ಚರ್ಚಿನ ಪ್ರಾರ್ಥನೆ. ಅದಾದ ಮೇಲೆ ನಮ್ಮ ಕಡೆಯಿಂದ ಹೋದವರಿಗೆಂದೇ ಅರ್ಧ ಗಂಟೆ ಹಿಂದುಸ್ತಾನಿಯಲ್ಲಿ ಮಾತುಕತೆ, ಕೊನೆಯಲ್ಲಿ ಒಂದು ಗಜಲ್. ಆಮೇಲೆ ರೈತರಿಗೆ ಹವಾಮಾನ. ಗುಲಾಬಿ ಗಿಡ ಸವರುವುದು ಹೇಗೆಂದು ಹೇಳಿಕೊಡುವ ಒಬ್ಬ ಮುದುಕ. ಮಧ್ಯಾಹ್ನ ಯುದ್ಧದ ಹಳೆಯ ಸಿನಿಮಾ. ಅದು ಮುಗಿದರೆ ಗುಡ್ಡದ ಮೇಲೆ ಕುರಿ ಅಟ್ಟುವ ನಾಯಿಗಳ ಪಂದ್ಯ. ದೊಡ್ಡಮ್ಮ ಓದುತ್ತಿದ್ದರೆ ಹೊರಗೆ ಸುಟ್ಟ ಗೆಣಸು ಮಾರುವವನ 'ಶಕರಕಂದ್' ಕೂಗು, ಮೇಲೆ ಇಳಿಯಲು ಬಂದ ವಿಮಾನದ ಸದ್ದು ಎಲ್ಲ ಎಲ್ಲೋ ದೂರದಲ್ಲಿ ಕೇಳಿಸುತ್ತಿದ್ದವು. ನಾನು ಟೈಪ್ ಮಾಡುತ್ತಲೇ ಆ ಮಂಜಿನ ಗುಡ್ಡದಲ್ಲಿ ಓಡಾಡಿಕೊಂಡು ಬರುತ್ತಿದ್ದೆ. ನಡುನಡುವೆ ದೊಡ್ಡಪ್ಪ ತಾವು ಬಾಡಿಗೆಗಿದ್ದ ಆ ಮನೆಯ ಮಾತು ಬರೆದಿರುತ್ತಿದ್ದರು: 'ಮನೆಯೊಡತಿ ಈಗ ತಾನೇ ಚಹಾ ಕೊಟ್ಟರು. ಬೆಂಕಿಗೆ ಇನ್ನಷ್ಟು ಕಲ್ಲಿದ್ದಲು ಹಾಕಿದರು. ನನ್ನ ಕುರ್ಚಿ ಬೆಂಕಿಗೆ ಎಷ್ಟು ಹತ್ತಿರವೆಂದರೆ ಸೆಕೆಯಾಗುತ್ತಿದೆ.' ಅಲ್ಲಿಗೆ ಬಂದಾಗ ದೊಡ್ಡಮ್ಮ ಓದು ನಿಲ್ಲಿಸಿ, "ಸೆಕೆಯಂತೆ, ಮಹಾರಾಜರಿಗೆ" ಎಂದು ಗಂಡನ ಕಡೆ ಕಣ್ಣು ಬಿಡುತ್ತಿದ್ದರು.

ನಾಯಿಗಳ ಪಂದ್ಯದ ಕಾಗದ ಓದಿದ ದಿನವೇ ನನ್ನ ಹಾಳು ಬುದ್ಧಿ ಕೆಲಸ ಮಾಡಿತು. 'ಗೆದ್ದ ನಾಯಿ ಕಂದು ಬಣ್ಣದ್ದು, ಅದರ ಕೊರಳಿಗೆ ಕೆಂಪು ಪಟ್ಟಿ' ಎಂದು ದೊಡ್ಡಮ್ಮ ಓದಿದರು. ನಾನು ಬೆರಳು ನಿಲ್ಲಿಸಿದೆ. ಮೊದಲ ಕಾಗದದಲ್ಲೇ, ಮನೆಯೊಡತಿಯದು ಕಪ್ಪು-ಬಿಳುಪಿನ ಟೀವಿ ಎಂದು ನಾನೇ ಟೈಪ್ ಮಾಡಿದ್ದೆ. ಲಾಟರಿ ಹೊಡೆದಿತ್ತು.

"ದೊಡ್ಡಪ್ಪ, ಸಿಕ್ಕಿಬಿದ್ರಿ. ಕಪ್ಪು-ಬಿಳುಪು ಟೀವೀಲಿ ಕೆಂಪು ಪಟ್ಟಿ ಹೇಗೆ ಕಾಣ್ತು?" ಎಂದೆ.

ದೊಡ್ಡಮ್ಮನಿಗೂ ಹುರುಪು ಬಂತು. "ಹೌದಲ್ಲ. ಹೇಳ್ರೀ, ಹೇಳಿ ಈಗ."

ದೊಡ್ಡಪ್ಪ ನಗಲಿಲ್ಲ. ಕೈಯಲ್ಲಿದ್ದ ಕಡಲೆಕಾಯಿಯನ್ನು ಸುಲಿದು ಬೀಜ ತಿನ್ನದೆ ತಟ್ಟೆಯಲ್ಲಿಟ್ಟರು. ಏನಾದರೊಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಮೂವತ್ತು ವರ್ಷದ ದಣಿವೋ ಏನೋ, ಹೇಳಲಿಲ್ಲ.

"ಕಾಣಲಿಲ್ಲಮ್ಮ, ಕೇಳಿಸ್ತು," ಎಂದರು. "ಕುರುಬನ ಸಿಳ್ಳೆ ಕೇಳಿಸ್ತು. ನಾಯಿ, ಪಟ್ಟಿ, ಗುಡ್ಡ ಎಲ್ಲ ನಾನೇ ಹಾಕ್ದೆ."

ಆಮೇಲೆ ನಿಧಾನವಾಗಿ ಹೇಳಿದರು. ಆ ಟೀವಿಯನ್ನು ಅಂಗಡಿಯ ಗಾಡಿಯಿಂದ ಇಳಿಸಿ ಒಳಗೆ ಹೊತ್ತು ಇಟ್ಟವರು ಅವರೇ. ಅವರು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೊಂದೇ ಸಲ. ಮುಂದಿನ ಕೋಣೆ ಮನೆಯವರಿಗೆ ಮಾತ್ರ, ಬಾಡಿಗೆಯವರಿಗಲ್ಲ. ಮನೆಯೊಡತಿಗೆ ಕಿವಿ ಮಂದ, ಟೀವಿಯ ಸದ್ದು ಮನೆಯೆಲ್ಲ ಕೇಳಿಸುತ್ತಿತ್ತು. ಆ ಭಾನುವಾರ ಇವರು ಮುಚ್ಚಿದ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು, ಕೋಟು ಹೊದ್ದು, ಮಂಡಿಯ ಮೇಲೆ ಕಾಗದ ಇಟ್ಟುಕೊಂಡು ಬರೆದಿದ್ದರು. "ಅವರೇನೂ ಕೆಟ್ಟವರಲ್ಲ. ಅಲ್ಲಿ ಹಾಗೇ ಇತ್ತು, ಅಷ್ಟೆ. ನಿಂಗೆ ನಿಜ ಬರೆದಿದ್ರೆ ನೀನು ದಾವಣಗೆರೇಲಿ ಕೂತು ಅಳ್ತಿದ್ದೆ," ಎಂದರು ಹೆಂಡತಿಗೆ.

ದೊಡ್ಡಮ್ಮ ಕೈಯಲ್ಲಿದ್ದ ಕಾಗದವನ್ನು ತೊಡೆಯ ಮೇಲಿಟ್ಟು ನೀವಿದರು. ನನಗಂತೂ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು. ಕೊನೆಗೆ ಅವರು ಕೇಳಿದ್ದು ಇಷ್ಟು: "ತುಂಬ ಚಳಿ ಇತ್ತಾ ಅಲ್ಲಿ?"

"ಇತ್ತು."

"ಎರಡು ತಿಂಗಳು ನಾನು ಕಾಗದ ಹಾಕಲಿಲ್ಲ."

"ಹಾಕಲಿಲ್ಲ."

"ಮೂವತ್ತು ವರ್ಷ ಬೈದೆನಲ್ರೀ. ಒಂದು ಸಲವಾದ್ರೂ ಹೇಳಬಾರದಿತ್ತಾ?"

ದೊಡ್ಡಪ್ಪ ಕಡಲೆಸಿಪ್ಪೆ ಗುಡ್ಡೆ ಮಾಡುತ್ತ, "ನೀನು ಅಷ್ಟು ನಂಬಿ ಬಯ್ತಿದ್ದೆ. ಕೇಳ್ತಾ ಕೇಳ್ತಾ ನಂಗೂ ನಾನು ಒಳಗೇ ಕೂತಿದ್ದೆ ಅನ್ನಿಸ್ತಿತ್ತು," ಎಂದರು.

ದೊಡ್ಡಮ್ಮ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿ ಅಡುಗೆಮನೆಗೆ ಹೋದರು. ಆವತ್ತಿಗೆ ನಮ್ಮ ಟೈಪಿಂಗ್ ನಿಂತಿತು.

ಅದರ ಜೊತೆಗೆ ಬೈಗುಳವೂ ನಿಂತಿತು. ಮನೆಗೆ ಜನ ಬಂದರು, ಹೋದರು, ದೊಡ್ಡಮ್ಮ ಇಂಗ್ಲೆಂಡಿನ ಮಾತೆತ್ತಲಿಲ್ಲ. ಗೊತ್ತಿದ್ದವರು ಕೆಣಕಿದರೂ "ಬಿಡಿ, ಅದೆಲ್ಲ ಹಳೇ ಕಥೆ" ಎಂದು ಚಹಾ ತರಲು ಏಳುತ್ತಿದ್ದರು. ಗಂಡನಿಗೆ ಎರಡೆರಡು ಸಲ ಶಾಲು ಹೊದಿಸುತ್ತಿದ್ದರು, ಸ್ನಾನದ ನೀರು ಮುಟ್ಟಿ ನೋಡುತ್ತಿದ್ದರು. ಎಂದೋ ಆಗಿಹೋದ ಚಳಿಗೆ ಈಗ ಉಪಚಾರ ನಡೆಯುತ್ತಿತ್ತು. ದೊಡ್ಡಪ್ಪ ಆ ಉಪಚಾರದಲ್ಲಿ ದಿನದಿನಕ್ಕೆ ಮಂಕಾಗುತ್ತಿದ್ದರು.

ಒಂದು ಬೆಳಿಗ್ಗೆ ನಾನು ಆಫೀಸಿನ ಕ್ಯಾಬ್‌ಗೆ ಕಾಯುತ್ತ ಗೇಟಿನ ಬಳಿ ನಿಂತಿದ್ದೆ. ದೊಡ್ಡಪ್ಪ ಹಾಲಿನ ಪ್ಯಾಕೆಟ್ ಹಿಡಿದು ಬಂದರು. "ಅವಳು ಬಯ್ಯೋದೇ ಬಿಟ್ಟುಬಿಟ್ಟಳು ಕಣಮ್ಮ," ಎಂದರು. "ಈಗ ಕಣ್ಣು ಮುಚ್ಚಿದ್ರೆ ಬರೀ ಆ ಮೆಟ್ಟಿಲೇ ಕಾಣುತ್ತೆ." ದೂರು ಹೇಳಿದ ಹಾಗಿರಲಿಲ್ಲ, ಸುಮ್ಮನೆ ಹೇಳಿದ್ದು. ಸಂಜೆ ದೊಡ್ಡಮ್ಮನ ಹತ್ತಿರ ಮಾತಾಡಬೇಕೆಂದುಕೊಂಡೆ. ಆ ಸಂಜೆ ಮೀಟಿಂಗ್, ಮರುದಿನ ಇನ್ನೇನೋ... ನಾನು ಮಾತಾಡಲೇ ಇಲ್ಲ.

ಫೆಬ್ರವರಿಯಲ್ಲಿ, ಬಿಸಿಲು ಹಿತವಾಗತೊಡಗಿದ ದಿನಗಳಲ್ಲಿ, ದೊಡ್ಡಪ್ಪ ಅಂಗಳದ ಕುರ್ಚಿಯಲ್ಲಿ ಕೂತಿದ್ದವರು ಹಾಗೆಯೇ ಹೋಗಿಬಿಟ್ಟರು.

ಹದಿಮೂರನೆಯ ದಿನ ಊಟ ಮುಗಿಸಿ ನೆಂಟರೆಲ್ಲ ಚಾಪೆಯ ಮೇಲೆ ಕೂತಿದ್ದರು. ಯಾರೋ ದೊಡ್ಡಪ್ಪನ ವಿದೇಶದ ದಿನಗಳನ್ನು ಕೇಳಿದರು. ಗೋಡೆಗೊರಗಿ ಕೂತಿದ್ದ ದೊಡ್ಡಮ್ಮ ತಲೆಯೆತ್ತಿದರು. "ಓದೋಕೆ ಎಲ್ಲಿ ಹೋಗಿದ್ರು? ಟೀವಿ ನೋಡೋಕೆ ಹೋಗಿದ್ರು," ಎಂದು ಶುರುಮಾಡಿದರು. ಚರ್ಚು, ಗುಲಾಬಿ, ನಾಯಿ, ನಾಯಿಯ ಕೆಂಪು ಪಟ್ಟಿ, ಒಂದನ್ನೂ ಬಿಡಲಿಲ್ಲ. "ಬೆಂಕಿಗೆ ಎಷ್ಟು ಹತ್ತಿರ ಕೂರಿಸಿದ್ಲಂತೆ ಆಕೆ, ಇವರಿಗೆ ಸೆಕೆಯಂತೆ ಸೆಕೆ. ಬೇಕಾದ್ರೆ ಇವಳನ್ನ ಕೇಳಿ, ಎಲ್ಲ ಟೈಪ್ ಮಾಡಿದಾಳೆ" ಎಂದು ನನ್ನ ಕಡೆ ನೋಡಿದರು. ಎಲ್ಲರೂ ನನ್ನತ್ತ ತಿರುಗಿದರು. "ಹೌದು, ಕಾಗದದಲ್ಲಿ ಹಾಗೇ ಇದೆ" ಎಂದೆ. ಜನ ನಕ್ಕರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ದೊಡ್ಡಮ್ಮನೂ ಇಲ್ಲ. ಆ ಫ್ಲ್ಯಾಟನ್ನು ಯಾರು ಕೊಂಡರೋ ತಿಳಿಯದು. ನಾನು ಇವತ್ತಿಗೂ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಳ್ಳುತ್ತೇನೆ, ಆದರೆ ಮನೆಯಲ್ಲಿ ಯಾರಾದರೂ ಹಳೆಯ ಕಥೆ ಹೇಳಲು ಕೂತರೆ ಬಾಯಿ ಬಿಗಿಹಿಡಿದು ಕೇಳುತ್ತೇನೆ. ದೊಡ್ಡಮ್ಮ ಆವತ್ತು ಅಷ್ಟು ಜನರ ಮುಂದೆ ದೊಡ್ಡಪ್ಪನನ್ನು ಆ ಬೆಂಕಿಯ ಕೋಣೆಯೊಳಗೆ ಕರೆದು ಕೂರಿಸಿದರು. ಕೇಳಿ ನಗಬೇಕಾಗಿದ್ದವರು ಹೋಗಿ ಹದಿಮೂರು ದಿನವಾಗಿತ್ತು. ಕೊನೆಯ ಆ ಮೂರು ತಿಂಗಳು ಅವರು ಮತ್ತೆ ಮೆಟ್ಟಿಲ ಮೇಲೇ ಕಳೆದರು, ಅವರನ್ನು ಅಲ್ಲಿ ಕೂರಿಸಿದವಳು ನಾನು.